ಓಡುವ ಕಾರಿಗೆ ನಿಲ್ಲುವ ವಿದ್ಯೆ

ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದಲ್ಲಿ ಎಲ್ಲರ ಕಣ್ಣೂ ತೇರಿನ ಕಳಸದ ಮೇಲೆ, ಇಲ್ಲವೆ ಹಗ್ಗ ಹಿಡಿದು ಎಳೆಯುವವರ ಮೇಲೆ. ಮರದ ತುಂಡು ಹಿಡಿದು ಗಾಲಿಯ ಪಕ್ಕದಲ್ಲೇ ನಡೆಯುವವರನ್ನು ಗಮನಿಸುವವರು ಕಡಿಮೆ. ಆದರೆ ತೇರು ಎಲ್ಲಿ ನಿಧಾನವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರ ಕೈಯಲ್ಲಿದೆ. ಮೋಟಾರು ವಾಹನದ ವಿಷಯವೂ ಹೀಗೆಯೇ. ಕಾರು ಎಷ್ಟು ಜೋರಾಗಿ ಓಡುತ್ತದೆ ಎಂದು ಕೇಳುವವರು ಬಹಳ. ಅದು ಹೇಗೆ ನಿಲ್ಲುತ್ತದೆ ಎಂದು ಕೇಳುವವರು ವಿರಳ.

ಸೈಕಲ್ ಓಡಿಸುವ ಪ್ರತಿ ವಿದ್ಯಾರ್ಥಿಗೂ ಈ ಪ್ರಶ್ನೆಯ ಅರ್ಧ ಉತ್ತರ ಗೊತ್ತಿದೆ. ಹಿಡಿಕೆ ಅದುಮಿದಾಗ ಎರಡು ರಬ್ಬರ್ ತುಂಡುಗಳು ಎರಡೂ ಕಡೆಯಿಂದ ರಿಮ್ಮನ್ನು ಇಕ್ಕಳದಂತೆ ಹಿಡಿಯುತ್ತವೆ. ಹೀಗೆ ಹಿಡಿಯುವ ಸಾಧನಕ್ಕೆ ಕ್ಯಾಲಿಪರ್ ಎಂದು ಹೆಸರು. ಕಾರಿನಲ್ಲಿ ರಿಮ್ಮಿನ ಬದಲು ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಬಿಲ್ಲೆ ಇದೆ, ಅದೇ ಡಿಸ್ಕ್. ರಬ್ಬರಿನ ಬದಲು ಗಟ್ಟಿಯಾದ ಪ್ಯಾಡ್‌ಗಳಿವೆ. ತಂತಿಯ ಬದಲು ಕೊಳವೆಯಲ್ಲಿ ದ್ರವ ತುಂಬಿದೆ. ತತ್ವ ಮಾತ್ರ ಒಂದೇ.

ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಆದರೆ ಅದರ ಬೆಲೆ ಜಗತ್ತಿಗೆ ಮನವರಿಕೆಯಾಗಲು ಅರ್ಧ ಶತಮಾನ ಬೇಕಾಯಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಡ್ರಮ್ ಬ್ರೇಕಿನವರು ತಿರುವಿಗೆ ಬಹಳ ಮೊದಲೇ ಬ್ರೇಕ್ ಒತ್ತಬೇಕಾಗಿದ್ದಾಗ, ಜಾಗ್ವಾರ್ ಚಾಲಕರು ಇನ್ನೂ ಮುಂದೆ ಹೋಗಿ ಒತ್ತಬಹುದಿತ್ತು. ವೇಗದ ಓಟವನ್ನು ನಿಲ್ಲಿಸುವ ಶಕ್ತಿ ಗೆಲ್ಲಿಸಿತ್ತು!

ಟ್ರ್ಯಾಕಿಗೆ ಹೋಗುವ ಮನೆಯ ಕಾರು

ದಕ್ಷಿಣ ಭಾರತದಲ್ಲಿ ಕಾರ್ ರೇಸಿನ ಹಳೆಯ ನೆಲೆ ಚೆನ್ನೈ ಬಳಿಯ ಶೋಲಾವರಂ. ಎರಡನೆಯ ಮಹಾಯುದ್ಧ ಕಾಲದ ವಿಮಾನ ಪಟ್ಟಿಯ ಮೇಲೆ ಅಲ್ಲಿ ಓಟಗಳು ನಡೆಯುತ್ತಿದ್ದವು. ಮುಂದೆ ಬೆಂಗಳೂರು-ಚೆನ್ನೈ ಹೆದ್ದಾರಿಯ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಟ್ರ್ಯಾಕ್ ಸಿದ್ಧವಾಯಿತು. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನ ಉತ್ಸಾಹಿಗಳು ಈ ಟ್ರ್ಯಾಕುಗಳಿಗೆ ಹೋಗುತ್ತಾರೆ. ಅವರಲ್ಲಿ ಅನೇಕರದು ರೇಸಿನ ಕಾರಲ್ಲ. ವಾರವೆಲ್ಲ ಕಚೇರಿಗೆ, ಮಕ್ಕಳ ಶಾಲೆಗೆ ಓಡಾಡುವ ಕಾರೇ.

ಊರಿನ ರಸ್ತೆಯಲ್ಲಿ ಹತ್ತು ವರ್ಷ ತಕರಾರಿಲ್ಲದೆ ನಡೆಯುವ ಬ್ರೇಕು ಟ್ರ್ಯಾಕಿನಲ್ಲಿ ಹತ್ತು ನಿಮಿಷದಲ್ಲಿ ಕೈಕೊಡಬಹುದು. ಏಕೆ? ಶಾಲೆಯ ಭೌತಶಾಸ್ತ್ರದ ಒಂದು ಲೆಕ್ಕದಲ್ಲಿ ಉತ್ತರವಿದೆ.

1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 108 ಕಿಲೋಮೀಟರ್, ಅಂದರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿದೆ ಎನ್ನಿ. ಅದರ ಚಲನಶಕ್ತಿ ½mv² ಸೂತ್ರದಂತೆ 4,50,000 ಜೂಲ್. ತಿರುವಿಗಾಗಿ ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಉಳಿದ ಮುಕ್ಕಾಲು ಪಾಲು, ಅಂದರೆ 3,37,500 ಜೂಲ್ ಎಲ್ಲಿಗೆ ಹೋಯಿತು? ಶಕ್ತಿ ನಾಶವಾಗದು. ಬಹುಪಾಲು ಬ್ರೇಕಿನಲ್ಲಿ ಶಾಖವಾಯಿತು.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಎರಡು ಡಿಸ್ಕ್‌ಗಳೇ ಈ ಶಾಖದಲ್ಲಿ ಸುಮಾರು 70 ಪಾಲನ್ನು ಹೊರಬೇಕು. ಒಂದೊಂದು ಡಿಸ್ಕಿನ ತೂಕ 5 ಕಿಲೋ ಎಂದುಕೊಂಡರೆ ಒಂದೇ ಸಲದ ಬ್ರೇಕಿಗೆ ಅದರ ಉಷ್ಣತೆ ಸುಮಾರು 50 ಡಿಗ್ರಿ ಏರುತ್ತದೆ. ತಣಿಯುವ ಮೊದಲೇ ಮುಂದಿನ ತಿರುವು, ಮತ್ತೆ ಬ್ರೇಕು. ಕೆಲವೇ ಸುತ್ತುಗಳಲ್ಲಿ ಡಿಸ್ಕ್ ನೂರಾರು ಡಿಗ್ರಿಗೆ ಕಾಯುತ್ತದೆ.

‘ನಮಗೇಕೆ ಈ ರೇಸಿನ ಮಾತು?’ ಎಂದು ಕೂಡ್ಲಿಗಿಯ ಅಥವಾ ಹರಪನಹಳ್ಳಿಯ ಪೋಷಕರು ಕೇಳಬಹುದು. ಕೋಗಳಿ ಸೀಮೆಯಲ್ಲಿ ರೇಸ್ ಟ್ರ್ಯಾಕ್ ಇಲ್ಲ, ನಿಜ. ಆದರೆ ಬಯಲು ಸೀಮೆಯ ಕುಟುಂಬಗಳು ಕಾರು ಮಾಡಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದಿಲ್ಲವೆ? ಅದೇ 1000 ಕಿಲೋ ತೂಕದ ಕಾರು 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ 49 ಲಕ್ಷ ಜೂಲ್. ಇದು 108 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲುವವರೆಗೆ ಸುಮಾರು ಹನ್ನೊಂದು ಸಲ ಬ್ರೇಕ್ ಹಾಕಿದ್ದಕ್ಕೆ ಸಮ! ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಇದರಲ್ಲಿ ಒಂದು ಪಾಲನ್ನು ಹೊರುತ್ತದೆ. ಗೇರ್ ತಪ್ಪಿಸಿ ಬರೀ ಬ್ರೇಕಿನ ಮೇಲೆ ಇಳಿಯುವವರು ತಿಳಿಯದೆಯೇ ರೇಸಿನ ಟ್ರ್ಯಾಕಿಗೆ ಇಳಿದಂತೆ.

ಒಂದು ರಬ್ಬರ್ ಉಂಗುರದ ಚಮತ್ಕಾರ

ಕ್ಯಾಲಿಪರಿನ ಒಳಗೆ ನಡೆಯುವುದು ಪಾಸ್ಕಲ್ ನಿಯಮ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕಾಲಿನ ಒತ್ತು ಪೆಡಲಿನ ಸನ್ನೆಯಿಂದ ಹೆಚ್ಚಿ 1200 ನ್ಯೂಟನ್ ಆಗಿ, 20 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರಿಗೆ ಬಿತ್ತು ಎನ್ನೋಣ. ಕ್ಯಾಲಿಪರಿನ ಪಿಸ್ಟನ್ 50 ಮಿಲಿಮೀಟರ್ ವ್ಯಾಸದ್ದಾದರೆ ಅದರ ವಿಸ್ತೀರ್ಣ ಆರೂಕಾಲು ಪಟ್ಟು; ಬಲವೂ ಅಷ್ಟೇ ಪಟ್ಟು ಹೆಚ್ಚಿ 7500 ನ್ಯೂಟನ್ ಆಗುತ್ತದೆ. ಏಳೂವರೆ ಕ್ವಿಂಟಲ್ ಶೇಂಗಾ ಚೀಲಗಳನ್ನು ಪ್ಯಾಡಿನ ಮೇಲೆ ಒಟ್ಟಿದಷ್ಟು ಭಾರ!

ಸಾಮಾನ್ಯ ಕಾರಿನಲ್ಲಿ ಪಿಸ್ಟನ್ ಇರುವುದು ಡಿಸ್ಕಿನ ಒಂದೇ ಪಕ್ಕದಲ್ಲಿ. ಹಾಗಾದರೆ ಇನ್ನೊಂದು ಪ್ಯಾಡನ್ನು ಒತ್ತುವವರು ಯಾರು? ಇಲ್ಲಿ ನ್ಯೂಟನ್ನನ ಮೂರನೆಯ ನಿಯಮ ಬರುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಮುಂದೆ ತಳ್ಳಿದಾಗ ಕ್ಯಾಲಿಪರಿನ ದೇಹ ಅಷ್ಟೇ ಬಲದಿಂದ ಹಿಂದೆ ಸರಿದು ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಹೀಗೆ ಸರಿಯಲು ಅದು ಎರಡು ನಯವಾದ ಪಿನ್ನುಗಳ ಮೇಲೆ ಕುಳಿತಿದೆ.

ಇನ್ನೊಂದು ಪ್ರಶ್ನೆ: ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಯಾವುದು? ಅಲ್ಲಿ ಸ್ಪ್ರಿಂಗ್ ಇಲ್ಲ. ಸಿಲಿಂಡರಿನ ಗಾಡಿಯಲ್ಲಿ ಕುಳಿತ ಒಂದು ಚೌಕಾಕಾರದ ಅಂಚಿನ ರಬ್ಬರ್ ಸೀಲ್ ಪಿಸ್ಟನ್ನನ್ನು ಬಿಗಿಯಾಗಿ ಅಪ್ಪಿಕೊಂಡಿದೆ. ಪಿಸ್ಟನ್ ಮುಂದೆ ಹೋದಾಗ ಅದು ಓರೆಯಾಗುತ್ತದೆ. ಒತ್ತಡ ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಎಳೆಯುತ್ತದೆ. ಸೋರಿಕೆ ತಡೆಯುವುದೂ ಅದೇ, ಪಿಸ್ಟನ್ ಹಿಂದೆಳೆಯುವುದೂ ಅದೇ. ಕೈಗೆ ತೊಡುವ ಬಳೆಯಂತಿರುವ ಈ ರಬ್ಬರಿನ ಮೇಲೆ ಕಾರಿನ ಎಲ್ಲರ ಪ್ರಾಣ ನಿಂತಿದೆ.

ಬೆಂಕಿ ಮತ್ತು ನೀರು

ಈ ಸಾಧನಕ್ಕೆ ಇಬ್ಬರು ಶತ್ರುಗಳು: ಶಾಖ ಮತ್ತು ನೀರು. ಶಾಖಕ್ಕೆ ಸಿಕ್ಕ ರಬ್ಬರ್ ದಿನೇ ದಿನೇ ಗಡುಸಾಗಿ ಸ್ಥಿತಿಸ್ಥಾಪಕತೆ ಕಳೆದುಕೊಳ್ಳುತ್ತದೆ. ಆಗ ಪಿಸ್ಟನ್ ಹಿಂದೆ ಬಾರದೆ ಪ್ಯಾಡ್ ಡಿಸ್ಕನ್ನು ಸವರುತ್ತಲೇ ಇರುತ್ತದೆ. ಹೊರಗಿನ ಧೂಳುಕವಚ ಸುಟ್ಟು ಸೀಳಿದರೆ ಮಣ್ಣು, ಮಳೆನೀರು ಒಳಹೊಕ್ಕು ಪಿಸ್ಟನ್ ತುಕ್ಕು ಹಿಡಿಯುತ್ತದೆ.

ನೀರಿನ ದಾಳಿ ಇನ್ನೂ ಗುಟ್ಟಾದುದು. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಸಾಮಾನ್ಯವಾಗಿ ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ಈ ದ್ರವ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದಾಗ ಅದಕ್ಕೆ ನಿಗದಿಯಾದ ಕನಿಷ್ಠ ಮಟ್ಟ 140 ಡಿಗ್ರಿ ಮಾತ್ರ. ‘ಡಾಟ್ 4’ರಲ್ಲಿ ಇದೇ ಅಂಕಿಗಳು 230 ಮತ್ತು 155. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ನೆಲ ಮುಟ್ಟುತ್ತದೆ, ಬಲ ಮಾತ್ರ ಪ್ಯಾಡಿಗೆ ತಲುಪುವುದಿಲ್ಲ. ಘಾಟಿಯಲ್ಲಿ ‘ಬ್ರೇಕ್ ಫೇಲ್ ಆಯಿತು’ ಎಂದು ಕೇಳುವ ಸುದ್ದಿಗಳಿಗೆ ಇದೂ ಒಂದು ಕಾರಣ.

ಬಿಚ್ಚಿ ಕಟ್ಟುವ ಕ್ರಮ

ಟ್ರ್ಯಾಕಿಗೆ ಹೋಗುವವರು ಬ್ರೇಕ್ ದ್ರವವನ್ನು ವರ್ಷಕ್ಕೆ ಒಮ್ಮೆಯಾದರೂ, ಅನೇಕರು ಇನ್ನೂ ಬೇಗ ಬದಲಿಸುತ್ತಾರೆ. ಪ್ರತಿ ಓಟದ ಬಳಿಕ ಪ್ಯಾಡಿನ ದಪ್ಪ ನೋಡುತ್ತಾರೆ. ಬಲ್ಲವರಿಗೆ ಸವೆದ ಪ್ಯಾಡ್ ಒಂದು ಪತ್ರವಿದ್ದಂತೆ. ಒಳಗಿನದು ಮಾತ್ರ ಬಹಳ ಸವೆದಿದ್ದರೆ ಜಾರುವ ಪಿನ್ನು ಬಿಗಿಯಾಗಿರಬಹುದು, ಇಲ್ಲವೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಕ್ಯಾಲಿಪರ್ ನೇರವಾಗಿ ಜಾರುತ್ತಿಲ್ಲ.

ಕ್ಯಾಲಿಪರ್ ಸೋರಿದರೆ ಅಥವಾ ಬಿಗಿದುಕೊಂಡರೆ ಅದನ್ನು ಬಿಚ್ಚಬೇಕು. ಹೊಸ ಸೀಲ್ ಮತ್ತು ಧೂಳುಕವಚ ಇರುವ ‘ಕಿಟ್’ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಕಾರನ್ನು ಬರೀ ಜಾಕಿನ ಮೇಲೆ ಬಿಡದೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸುವುದು ಮೊದಲ ಕೆಲಸ. ಪಿಸ್ಟನ್ನನ್ನು ಹೊರತೆಗೆಯಲು ಕಂಪ್ರೆಸರಿನ ಗಾಳಿ ಬಳಸುವುದುಂಟು. ಎದುರಿಗೆ ಮರದ ತುಂಡು ಇಟ್ಟು, ಬೆರಳನ್ನು ದೂರವಿಟ್ಟು, ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಪಿಸ್ಟನ್ ಗುಂಡಿನಂತೆ ಚಿಮ್ಮಬಲ್ಲದು.

ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಬಾರದು; ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಸಾಕು. ಪಿಸ್ಟನ್ನಿನ ಮೇಲ್ಮೈಯೇ ಸೀಲ್ ಜಾರುವ ದಾರಿಯಾದ್ದರಿಂದ ಅದರ ಲೇಪದಲ್ಲಿ ತುಕ್ಕಿನ ಕುಳಿ ಕಂಡರೆ ಉಜ್ಜಿ ಉಳಿಸುವ ಆಸೆ ಬೇಡ, ಹೊಸದನ್ನೇ ಹಾಕಬೇಕು. ಸೀಲ್ ಕೂರುವ ಗಾಡಿಯಲ್ಲಿ ತುಕ್ಕು ಉಳಿದರೆ ಹೊಸ ಸೀಲೂ ಪಿಸ್ಟನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಆದ್ದರಿಂದ ಹೆಚ್ಚು ತಾಳ್ಮೆ ಬೇಡುವ ಕೆಲಸ ಆ ಗಾಡಿಯನ್ನು ಶುದ್ಧ ಮಾಡುವುದು.

ಇಲ್ಲಿ ಒಂದು ಎಚ್ಚರಿಕೆ. ಸೀಲುಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬಾರದು. ಬ್ರೇಕ್ ಆಯಿಲ್ ಇಲ್ಲವೆಂದು ಎಂಜಿನ್ ಆಯಿಲ್ ಸುರಿಯಲೂಬಾರದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಈ ರಬ್ಬರ್ ನೀರಿನಲ್ಲಿ ನೆನೆದ ಕಡಲೆಯಂತೆ ಉಬ್ಬುತ್ತದೆ, ಬ್ರೇಕ್ ಜಾಮ್ ಆಗುತ್ತದೆ. ಹೊಸ ಸೀಲಿಗೆ ಹೊಸ ಬ್ರೇಕ್ ದ್ರವವನ್ನೇ ಸವರಿ, ಪಿಸ್ಟನ್ನನ್ನು ಓರೆಯಾಗದಂತೆ ಕೈಯಿಂದಲೇ ಒಳಗೆ ಒತ್ತಬೇಕು. ಜಾರುವ ಪಿನ್ನುಗಳಿಗೆ ರಬ್ಬರಿಗೆ ಒಗ್ಗುವ ಬ್ರೇಕ್ ಗ್ರೀಸ್ ಬೇಕು. ಕೊಳವೆ ಸೇರುವಲ್ಲಿ ತಾಮ್ರದ ವಾಷರ್ ಪ್ರತಿ ಸಲವೂ ಹೊಸದಿರಬೇಕು.

ಕೊನೆಗೆ ಗಾಳಿ ತೆಗೆಯುವ ಕೆಲಸ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದೊಡನೆ ಮುಚ್ಚಬೇಕು. ಮುಚ್ಚಿದ ನಂತರವೇ ಪೆಡಲ್ ಬಿಡಬೇಕು. ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರುವುದೇಕೆ? ಗಾಳಿ ಮೇಲೇರುತ್ತದೆ, ಅದಕ್ಕೆ. ಎಡ-ಬಲದ ಕ್ಯಾಲಿಪರುಗಳನ್ನು ಅದಲುಬದಲು ಮಾಡಿ ಕೂರಿಸಿದರೆ ನಿಪ್ಪಲ್ ಕೆಳಗೆ ಬರುತ್ತದೆ. ದಿನವಿಡೀ ಒತ್ತಿದರೂ ಗಾಳಿ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಕಾರು ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ನೋಡಲೇಬೇಕು. ಪ್ಯಾಡುಗಳು ಡಿಸ್ಕಿನಿಂದ ದೂರ ಇರುವುದರಿಂದ ಮೊದಲ ಒತ್ತಿಗೆ ಕಾಲು ನೆಲಕ್ಕೆ ಹೋಗುತ್ತದೆ.

ಕಲಿಯುವವರಿಗೆ ದಾರಿ

ಇಷ್ಟು ಓದಿದ ಮಾತ್ರಕ್ಕೆ ವಿದ್ಯಾರ್ಥಿಗಳು ಮನೆಯ ಕಾರಿನ ಬ್ರೇಕ್ ಬಿಚ್ಚಲು ಹೊರಡಬಾರದು. ಇದು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ. ಎಸ್ಸೆಸ್ಸೆಲ್ಸಿ ಬಳಿಕ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಎರಡು ವರ್ಷಗಳ ತರಬೇತಿ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟಿ ಸ್ಪರ್ಧಿಸುವ ‘ಫಾರ್ಮುಲಾ ಭಾರತ್’ ಕರಿ ಸ್ಪೀಡ್‌ವೇಯಲ್ಲಿ ನಡೆದಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ಇಂಥ ಕಾರು ಕಟ್ಟುವ ವಿದ್ಯಾರ್ಥಿ ತಂಡ. ಈ ಬಗೆಯ ಸ್ಪರ್ಧೆಗಳಲ್ಲಿ ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ತಿರುಗುವುದನ್ನು ನಿಲ್ಲಿಸಬೇಕು. ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗದ ಕಾರನ್ನು ಓಟಕ್ಕೆ ಬಿಡುವುದಿಲ್ಲ, ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ.

ಪೋಷಕರು ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಮಗನನ್ನೋ ಮಗಳನ್ನೋ ಕರೆದು ಕಾರಿನ ಬಾನೆಟ್ ಎತ್ತಿ, ಬ್ರೇಕ್ ದ್ರವದ ಪುಟ್ಟ ಡಬ್ಬಿಯ ಮುಚ್ಚಳದ ಮೇಲೆ ‘ಡಾಟ್’ ಎಷ್ಟೆಂದು ಬರೆದಿದೆ ಎಂಬುದನ್ನು ಓದಿಸಿ. ದ್ರವ ಎರಡು ಗೆರೆಗಳ ನಡುವೆ ಇದೆಯೇ ನೋಡಲು ಹೇಳಿ. ಮುಚ್ಚಳವನ್ನು ಸುಮ್ಮನೆ ತೆರೆಯುವುದು ಬೇಡ, ಗಾಳಿಯ ತೇವ ಸೇರುತ್ತದೆ. ದ್ರವ ಬದಲಿಸಿ ಎರಡು ವರ್ಷ ದಾಟಿದ್ದರೆ, ಅಥವಾ ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂಬುದೇ ಯಾರಿಗೂ ನೆನಪಿಲ್ಲದಿದ್ದರೆ, ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲು ಕಾರು ಗ್ಯಾರೇಜಿಗೆ ಹೋಗಲಿ.