ಕತ್ತರಿಸೋ ಮೊದಲು ಕ್ಯಾಸ್ 9 ಎಷ್ಟು ಸಲ ಪರೀಕ್ಷಿಸುತ್ತೆ?

ಈ ಸಲದ ಮಾತು ಕಾಶಿಯ ಕೇದಾರ ಘಾಟ್‌ನಿಂದ ಶುರು. ಅಲ್ಲಿಂದ ದಕ್ಷಿಣಕ್ಕೆ, ಹರಿಶ್ಚಂದ್ರ ಘಾಟ್ ದಾಟಿದರೆ ನಮ್ಮ ಕರ್ನಾಟಕ ಘಾಟ್. ಮನೆಗೆ ತರೋ ಗಂಗಾಜಲದ ಗಿಂಡಿಯೊಳಗೆ ಬ್ಯಾಕ್ಟೀರಿಯಾಗಳೂ ಇರುತ್ತವೆ, ಅವುಗಳ ಮೇಲೆ ದಾಳಿ ಮಾಡೋ ಫೇಜ್ ಎಂಬ ವೈರಸ್‌ಗಳೂ ಇರುತ್ತವೆ. ಗಂಗೆ, ಯಮುನೆಯ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ ಅಂತ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲೇ ಬರೆದಿದ್ದ. ಅದು ಫೇಜ್‌ನದೇ ಕೆಲಸವಾ ಅನ್ನೋದರ ಬಗ್ಗೆ ಇವತ್ತಿಗೂ ಚರ್ಚೆ ಇದೆ. (ಹಾಗಂತ ಆ ನೀರು ಕುಡಿಯಲು ಶುದ್ಧ ಅಂತ ಅರ್ಥವಲ್ಲ!)

ಈ ಯುದ್ಧದಲ್ಲಿ ಹಲವು ಬ್ಯಾಕ್ಟೀರಿಯಾಗಳು ಬಳಸೋ ಆಯುಧವೇ ಕ್ರಿಸ್ಪರ್. ಹಳೇ ವೈರಸ್‌ನ ಡಿಎನ್‌ಎ ತುಣುಕನ್ನು ನೆನಪಿಟ್ಟುಕೊಂಡು, ಅದೇ ವೈರಸ್ ಮತ್ತೆ ಬಂದರೆ ಕತ್ತರಿಸುತ್ತವೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ಕತ್ತರಿಯ ಹೆಸರು ಕ್ಯಾಸ್ 9. ನಾವು ಅದನ್ನು ಮನುಷ್ಯರ ಕೋಶಕ್ಕೆ ತಂದಾಗ ಪ್ರಶ್ನೆ ಗಂಭೀರ ಆಗುತ್ತೆ. ಸುಮಾರು 300 ಕೋಟಿ ಅಕ್ಷರಗಳಲ್ಲಿ 20 ಅಕ್ಷರದ ಒಂದು ವಿಳಾಸ ಹುಡುಕಬೇಕು. ತಪ್ಪು ಜಾಗದಲ್ಲಿ ಕತ್ತರಿಸಿದರೆ ಅಲ್ಲಿ ರೋಲ್‌ಬ್ಯಾಕ್ ಇಲ್ಲ.

ಹಾಗಾಗಿ ಈ ಕಿಣ್ವ ಹಂತಹಂತವಾಗಿ ರೂಪ ಬದಲಿಸುತ್ತೆ. ಗೈಡ್ ಆರ್‌ಎನ್‌ಎ ಸೇರೋವರೆಗೆ ಅದು ನಿಷ್ಕ್ರಿಯ. ಸೇರಿದ ಮೇಲೆ ಅದರ ಎರಡು ಹಾಲೆಗಳು ತಿರುಗಿ, ನಡುವೆ ಡಿಎನ್‌ಎ ಕೂರೋ ಕಾಲುವೆ ಆಗುತ್ತೆ. ಆಮೇಲೆ ಡಿಎನ್‌ಎಯಲ್ಲಿ ಅಕ್ಕಪಕ್ಕ ಎರಡು 'ಜಿ' ಅಕ್ಷರ ಹುಡುಕುತ್ತೆ. ಅವು ಸಿಕ್ಕರೆ ಮಾತ್ರ ಪಕ್ಕದಲ್ಲಿ ಎಳೆಗಳನ್ನು ಬಿಡಿಸಿ, ಗೈಡ್ ಜೊತೆ ಒಂದೊಂದೇ ಅಕ್ಷರ ಜಿಪ್ ಹಾಕಿದ ಹಾಗೆ ತಾಳೆ ನೋಡುತ್ತೆ. ಮೊದಲ ಹತ್ತು ಹನ್ನೆರಡು ಅಕ್ಷರದಲ್ಲಿ ತಪ್ಪಿದ್ದರೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತೆ.

ನನಗೆ ತುಂಬಾ ಇಷ್ಟವಾಗೋದು ಮುಂದಿನ ಹಂತ. ಹಿಡಿದುಕೊಂಡ ಮಾತ್ರಕ್ಕೆ ಕ್ಯಾಸ್ 9 ಕತ್ತರಿಸಲ್ಲ. ಎಚ್‌ಎನ್‌ಎಚ್ ಅನ್ನೋ ಅದರ ಒಂದು ಬ್ಲೇಡ್ ದೂರ ತಿರುಗಿಕೊಂಡೇ ಇರುತ್ತೆ. ಜೋಡಣೆ ಕೊನೆಯತನಕ ಬಂತು ಅಂತ ಆರ್‌ಇಸಿ3 ಅನ್ನೋ ಭಾಗಕ್ಕೆ ಗೊತ್ತಾದ ಮೇಲಷ್ಟೇ ಅದು ತಿರುಗಿ ಎಳೆಯ ಮೇಲೆ ಬರುತ್ತೆ. ಅದು ಬಂದರೇನೇ ಎರಡನೇ ಬ್ಲೇಡ್‌ಗೂ ಅನುಮತಿ.

ಆದರೆ ಇದರಲ್ಲೂ ಒಂದು ಬಗ್ ಇದೆ. 18ರಿಂದ 20ನೇ ಅಕ್ಷರ ತಪ್ಪಿದ್ದರೆ ಕಿಣ್ವದ ಒಂದು ಬೆರಳಿನಂಥ ಕುಣಿಕೆ ಆ ತಪ್ಪು ಜೋಡಣೆಗೇ ಆಸರೆ ಕೊಡುತ್ತೆ, ಕತ್ತರಿ ಓಡುತ್ತೆ. 2022ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ಇದನ್ನು ತೋರಿಸಿ, ಅಲ್ಲಿನ ಏಳು ಅಮೈನೋ ಆಮ್ಲ ಬದಲಿಸಿ 'ಸೂಪರ್‌ಫೈ' ಮಾಡಿದರು. ಪ್ರನಾಳದಲ್ಲಿ ಚೆನ್ನಾಗಿತ್ತು, ಜೀವಕೋಶದೊಳಗೆ ಮಂಕಾಯಿತು.

ದೆಹಲಿಯ ಐಜಿಐಬಿ ಬೇರೆ ದಾರಿ ಹಿಡಿಯಿತು. ಫ್ರಾನ್ಸಿಸೆಲ್ಲಾ ಬ್ಯಾಕ್ಟೀರಿಯಾದ ಕ್ಯಾಸ್ 9 ಗಾತ್ರದಲ್ಲಿ ದೊಡ್ಡದು, ಸ್ವಭಾವದಲ್ಲಿ ಬಿಗಿ. ಎರಡು ಅಕ್ಷರ ತಪ್ಪಿದರೆ ಹಿಡಿಯೋದೇ ಕಷ್ಟ. ಹಾಗಾಗಿ ಗೈಡ್‌ನಲ್ಲಿ ಬೇಕಂತಲೇ ಒಂದು ತಪ್ಪು ಇಟ್ಟರು. ಡಿಎನ್‌ಎಯಲ್ಲಿ ಇನ್ನೊಂದು ಅಕ್ಷರ ಬೇರೆ ಇದ್ದರೂ ಕಿಣ್ವ ಕೈಬಿಡುತ್ತೆ. ಒಂದೇ ಅಕ್ಷರದ ವ್ಯತ್ಯಾಸ ಪತ್ತೆಯಾಗುತ್ತೆ! ಆ ಪರೀಕ್ಷೆಗೆ ಸತ್ಯಜಿತ್ ರೇ ಪತ್ತೇದಾರನ ಹೆಸರು, ಫೆಲೂದಾ. 1979ರ ಸಿನಿಮಾದಲ್ಲಿ ಅವನ ತನಿಖೆ ನಡೆಯೋದೂ ಕಾಶಿಯಲ್ಲೇ. 2020ರ ಸೆಪ್ಟೆಂಬರ್‌ನಲ್ಲಿ ಅದು ಕೋವಿಡ್ ಪರೀಕ್ಷೆಯಾಗಿ ಅನುಮತಿ ಪಡೆಯಿತು.

ಸಿಕಲ್ ಸೆಲ್ ರಕ್ತಹೀನತೆ ಇಂಥದೇ ಒಂದಕ್ಷರದ ಕಾಯಿಲೆ. ನಮ್ಮ ಜೇನು ಕುರುಬರು, ಸೋಲಿಗರಲ್ಲೂ ಇದೆ. ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕ ಕ್ರಿಸ್ಪರ್ ಚಿಕಿತ್ಸೆ ಕ್ಯಾಸ್ಜೆವಿಯ ಬೆಲೆ 22 ಲಕ್ಷ ಡಾಲರ್. 2025ರ ನವೆಂಬರ್‌ನಲ್ಲಿ ಘೋಷಣೆಯಾದ 'ಬಿರ್ಸಾ 101' ಅದೇ ಕಾಯಿಲೆಗೆ, ಅದೇ ಐಜಿಐಬಿಯಿಂದ ಬಂದದ್ದು.