‘ಖಂಡಿತ ಕೊಳ್ಳುತ್ತೇನೆ’ ಎಂದವರ ಲೆಕ್ಕ

2022ರ ಫೆಬ್ರವರಿಯಲ್ಲಿ ಪ್ಯೂ ರಿಸರ್ಚ್ ಸೆಂಟರ್‌ನವರು ಒಂದು ಆನ್‌ಲೈನ್ ಸರ್ವೇಯಲ್ಲಿ ವಿಚಿತ್ರವಾದ ಪ್ರಶ್ನೆ ಸೇರಿಸಿದರು: ಅಣುಶಕ್ತಿಯ ಸಬ್‌ಮರೀನ್ ಓಡಿಸಲು ನಿಮಗೆ ಲೈಸೆನ್ಸ್ ಇದೆಯೇ? ಮೂವತ್ತು ವರ್ಷದೊಳಗಿನವರಲ್ಲಿ ಶೇ. 12ರಷ್ಟು ಮಂದಿ ‘ಇದೆ’ ಎಂದರು! ಅಮೆರಿಕದಲ್ಲಿ ಅಂಥವರ ಪ್ರಮಾಣ ಹೆಚ್ಚುಕಡಿಮೆ ಸೊನ್ನೆ. ಯಾರು ಬೇಕಾದರೂ ತಾವಾಗಿ ಸೇರಿಕೊಳ್ಳಬಹುದಾದ ಇಂಥ ‘ಆಪ್ಟ್-ಇನ್’ ಸರ್ವೇಗಳಲ್ಲಿ ಪ್ರಶ್ನೆ ಏನೇ ಇರಲಿ, ‘ಹೌದು’ ಒತ್ತಿ ಮುಂದೆ ಹೋಗುವವರು ಒಂದಿಷ್ಟು ಜನ ಇದ್ದೇ ಇರುತ್ತಾರೆ.

ಹಣಕಾಸಿನ ಬ್ಲಾಗ್‌ನಲ್ಲಿ ಇದೇಕೆ ಅಂತೀರಾ? ಇಲ್ಲಿ ಸ್ವಂತ ಉದ್ಯಮಕ್ಕೆ ಕೈಹಾಕುವ ನಮ್ಮವರು ನನಗೆ ಕಳಿಸುವ ಪಿಚ್ ಡೆಕ್‌ಗಳಲ್ಲಿ ಒಂದು ಪೈ ಚಾರ್ಟ್ ತಪ್ಪದೆ ಇರುತ್ತದೆ. ಗೂಗಲ್ ಫಾರ್ಮ್ ತಾನೇ ಬಣ್ಣ ತುಂಬಿ ಕೊಡುತ್ತದಲ್ಲ, ಅದು. ಆ ಚಾರ್ಟ್ ನಂಬಿ ದುಡ್ಡು ಹಾಕಲು ಸಿದ್ಧರಾಗಿರುವವರೂ ನಮ್ಮವರೇ.

ನ್ಯೂಜೆರ್ಸಿಯಲ್ಲಿ ನನಗೆ ಪರಿಚಯದ ದಂಪತಿ ಇದ್ದಾರೆ. ಸಿರಿಧಾನ್ಯದ ದೋಸೆ ಮಿಕ್ಸ್ ಮಾಡಿ ಮಾರುವ ಯೋಚನೆ. ಮನೆಯ ಮೇಲೆ 40,000 ಡಾಲರ್ ಸಾಲ ತೆಗೆಯಲು ಬ್ಯಾಂಕಿನ ಕಾಗದಪತ್ರವೂ ತಯಾರಾಗಿತ್ತು. ಸರ್ವೇಗೆ 240 ಉತ್ತರ ಬಂದಿದ್ದವು, ಶೇ. 83 ಮಂದಿ ‘ಖಂಡಿತ ಕೊಳ್ಳುತ್ತೇನೆ’ ಎಂದಿದ್ದರು. “ಅಣ್ಣಾ, ಎಂಬತ್ತಮೂರು ಪರ್ಸೆಂಟ್ ಅಂದ್ರೆ ಕಮ್ಮೀನಾ?” ಎಂದು ಆಕೆ ಕೇಳಿದರು.

ನಾನು ಶೇಕಡಾವಾರು ಬಿಟ್ಟು ಪ್ರಶ್ನೆ ತೋರಿಸಿ ಎಂದೆ. ‘ಪ್ರಿಸರ್ವೇಟಿವ್ ಇಲ್ಲದ, ಆರೋಗ್ಯಕರ ಸಿರಿಧಾನ್ಯ ದೋಸೆ ಮಿಕ್ಸ್ ಸಿಕ್ಕರೆ ಕೊಳ್ಳುತ್ತೀರಾ?’ ಇದಕ್ಕೆ ಯಾರು ತಾನೇ ಬೇಡ ಅಂದಾರು? ಬೆಲೆಯ ಸುದ್ದಿಯೇ ಇಲ್ಲ. ಫಾರ್ಮ್ ಹಂಚಿದ್ದು ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪುಗಳಲ್ಲಿ. ಅಂದರೆ ಉತ್ತರಿಸಿದವರಲ್ಲಿ ಅರ್ಧಕ್ಕರ್ಧ ಜನ ಆಕೆಯ ಕೈಯಡುಗೆ ಉಂಡವರು. ಅದು ಮಾರುಕಟ್ಟೆಯ ಅಳತೆಯಲ್ಲ, ಹಾರೈಕೆ.

ಇನ್ನೂ ಹೆಚ್ಚು ಜನರಿಂದ ತುಂಬಿಸಿದರೆ ಸರಿಹೋಗುತ್ತದಲ್ಲ ಎಂಬುದು ಆತನ ವಾದ. ಸಂಖ್ಯೆ ಹೆಚ್ಚಿದಷ್ಟೂ ಒಂದು ಬಗೆಯ ತಪ್ಪು ಕಡಿಮೆಯಾಗುವುದು ನಿಜ. ಉತ್ತರಿಸಿದವರ ಸಂಖ್ಯೆಯ ವರ್ಗಮೂಲದಿಂದ ನೂರನ್ನು ಭಾಗಿಸಿ. ಏರುಪೇರು ಎಷ್ಟು ಪರ್ಸೆಂಟ್ ಎಂಬ ಅಂದಾಜು ಸಿಗುತ್ತದೆ. 1,000 ಜನರಾದರೆ ಸುಮಾರು ಮೂರು, 240ಕ್ಕೆ ಆರೂವರೆ. ಅದೇ 240ರೊಳಗೆ ‘ಮೂವತ್ತರ ಕೆಳಗಿನವರು ಏನಂತಾರೆ’ ಎಂದು ನೋಡಹೊರಟರೆ ಅಲ್ಲಿದ್ದವರು ಕೇವಲ 22 ಜನ. ಏರುಪೇರು ಇಪ್ಪತ್ತೊಂದು ಪರ್ಸೆಂಟ್! ಆದರೂ ಡೆಕ್‌ನಲ್ಲಿ ‘ಯುವಜನರ ಮೆಚ್ಚುಗೆ’ ಎಂದು ಇಡೀ ಒಂದು ಸ್ಲೈಡ್ ಇತ್ತು.

ಈ ಸೂತ್ರ ಹೊಂದುವುದು ಜನರನ್ನು ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಅದು ಆರ್ಥಿಕ ಮಹಾಕುಸಿತದ ಕಾಲ. ಸಾಲದ್ದಕ್ಕೆ ಚೀಟಿ ತುಂಬಿ ಮರಳಿಸುವ ಶ್ರಮ ತೆಗೆದುಕೊಂಡವರೂ ಒಂದೇ ಒಲವಿನವರಾಗಿದ್ದರು. ಕಡಿಮೆ ಜನರನ್ನು ಕೇಳಿದ ಗ್ಯಾಲಪ್ ಸರಿಯಾಗಿ ಹೇಳಿದ್ದರು.

ಹಾಗಾಗಿ ಪ್ರಶ್ನಾವಳಿಯನ್ನೇ ಬದಲಿಸಿದೆವು. ಮುಂದೆ ಏನು ಮಾಡುತ್ತೀರಿ ಎಂಬುದನ್ನು ಬಿಟ್ಟು, ಆಗಲೇ ಮಾಡಿದ್ದನ್ನು ಕೇಳಿದೆವು. ಕಳೆದ 30 ದಿನಗಳಲ್ಲಿ ದೋಸೆಗೆಂದು ಏನು ಕೊಂಡಿರಿ? ಕೊನೆಯ ಸಲ ಎಷ್ಟು ಕೊಟ್ಟಿರಿ? ‘ಈ ಸಾಲಿನಲ್ಲಿ ಮೂರನೆಯದನ್ನು ಒತ್ತಿ’ ಎಂಬ ಒಂದು ಪರೀಕ್ಷೆ, ಓದದೆ ಒತ್ತುವವರನ್ನು ಸೋಸಲು. ಬೆಲೆಗೆ ವ್ಯಾನ್ ವೆಸ್ಟೆನ್‌ಡಾರ್ಪ್ ಎಂಬ ಡಚ್ ಅರ್ಥಶಾಸ್ತ್ರಜ್ಞ 1976ರಲ್ಲಿ ಕೊಟ್ಟ ನಾಲ್ಕು ಪ್ರಶ್ನೆಗಳು: ಎಷ್ಟಾದರೆ ಕೊಳ್ಳುವುದೇ ಇಲ್ಲ, ಎಷ್ಟಾದರೆ ದುಬಾರಿ ಎನಿಸಿದರೂ ಯೋಚಿಸುತ್ತೀರಿ, ಎಷ್ಟಾದರೆ ಅಗ್ಗ, ಎಷ್ಟು ಅಗ್ಗವಾದರೆ ಗುಣಮಟ್ಟದ ಮೇಲೇ ಅನುಮಾನ ಬರುತ್ತದೆ?

ಎಡಿಸನ್ನಿನ ಓಕ್ ಟ್ರೀ ರಸ್ತೆಯ ಎರಡು ದಿನಸಿ ಅಂಗಡಿಗಳ ಕೌಂಟರ್‌ನಲ್ಲಿ ಕ್ಯೂಆರ್ ಕೋಡ್ ಅಂಟಿಸಿದರು. ಇದೂ ಯಾದೃಚ್ಛಿಕ ಆಯ್ಕೆಯಲ್ಲ, ಒಪ್ಪುತ್ತೇನೆ. ಆದರೆ ಇವರು ಆಕೆಯ ನೆಂಟರಲ್ಲ, ಕೈಯಲ್ಲಿ ಪರ್ಸ್ ಹಿಡಿದು ನಿಂತವರು. ಬಂದ 118 ಉತ್ತರಗಳಲ್ಲಿ ಮಿಕ್ಸ್ ಕೊಂಡಿದ್ದವರು 17 ಜನ. ಹೆಚ್ಚಿನವರು ಕೊಳ್ಳುತ್ತಿದ್ದದ್ದು ಫ್ರಿಜ್‌ನಲ್ಲಿಟ್ಟ ರುಬ್ಬಿದ ಹಿಟ್ಟಿನ ಡಬ್ಬಿ. ಡೆಕ್‌ನ ಪೈಪೋಟಿದಾರರ ಪಟ್ಟಿಯಲ್ಲಿ ಆ ಡಬ್ಬಿಯ ಹೆಸರೇ ಇರಲಿಲ್ಲ.

ಬೆಲೆಯದ್ದು ಇನ್ನೂ ಗಂಭೀರ. ಇವರು ಅಂದುಕೊಂಡಿದ್ದು ಪ್ಯಾಕೆಟ್‌ಗೆ 8.99 ಡಾಲರ್. ಬಹುತೇಕರಿಗೆ ಆರು ಡಾಲರ್ ದಾಟಿದರೆ ದುಬಾರಿ. 5.99ಕ್ಕೆ ಮಾರಿದರೆ ಅಂಗಡಿಯವರ ಶೇ. 30 ಕಳೆದು ಕೈಗೆ ಬರುವುದು 4.19. ತಯಾರಿಕೆ, ಪ್ಯಾಕಿಂಗ್ ಸೇರಿ ಖರ್ಚು 4.60. ಪ್ರತಿ ಪ್ಯಾಕೆಟ್‌ಗೆ 41 ಸೆಂಟ್ ನಷ್ಟ. ಹೆಚ್ಚು ಮಾರಿದಷ್ಟೂ ಹೆಚ್ಚು.

ಆತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಕೆ ಮಾತ್ರ, “ಹಂಗಾದ್ರೆ ಪ್ಯಾಕೆಟ್ ಚಿಕ್ಕದು ಮಾಡೋಣ” ಅಂದರು. ಮನೆ ಮೇಲಿನ ಸಾಲ ತೆಗೆಯಲಿಲ್ಲ. ಉಳಿತಾಯದಲ್ಲಿ 3,000 ಡಾಲರ್ ಎತ್ತಿಟ್ಟು, ಅರ್ಧ ತೂಕದ 300 ಪ್ಯಾಕೆಟ್ ಮಾಡಿ ಅದೇ ಎರಡು ಅಂಗಡಿಗಳಿಗೆ ಕೊಟ್ಟರು.

ಈ ತಿಂಗಳು ಒಂದು ಅಂಗಡಿಯವರು ಮತ್ತೆ 48 ಪ್ಯಾಕೆಟ್ ಕೇಳಿದ್ದಾರೆ. ಇನ್ನೊಂದರಿಂದ ಸುದ್ದಿಯಿಲ್ಲ. ಶನಿವಾರ ಆಕೆಯೇ ಅಲ್ಲಿಗೆ ಹೋಗಿ, ಪ್ಯಾಕೆಟ್ ಕೈಗೆತ್ತಿಕೊಂಡು ವಾಪಸ್ ಇಡುವವರನ್ನು ಮಾತಾಡಿಸುತ್ತಾರಂತೆ.