ಸಂಗ್ರಹಶಾಲೆಯೂ ಅದರ ಸದಸ್ಯರೂ

ಬೆಂಗಳೂರಿನ ಹಳಬರು ಸರ್ಕಾರಿ ಮ್ಯೂಸಿಯಮ್ಮನ್ನು ಒಂದು ಕಾಲದಲ್ಲಿ ‘ತಮಾಷೆ ಬಂಗಲೆ’ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಕೊಂಚ ಹಾಸ್ಯವಿರುವುದು ನಿಜ, ಆದರೆ ಅನಾದರವಿಲ್ಲ. ಹೊಟ್ಟೆಗೆ ಹುಲ್ಲು ತುಂಬಿ ನಿಲ್ಲಿಸಿದ ಪ್ರಾಣಿಗಳನ್ನೂ, ಒಡೆದ ವಿಗ್ರಹಗಳನ್ನೂ, ಹೆಸರು ತಿಳಿಯದ ಕಲ್ಲುಗಳನ್ನೂ ಒಂದೇ ಛಾವಣಿಯ ಕೆಳಗೆ ಜೋಡಿಸಿಟ್ಟಿದ್ದ ಮನೆಯನ್ನು ನೋಡಿದ ಜನರಿಗೆ ಅದಕ್ಕಿಂತ ಒಪ್ಪುವ ಹೆಸರು ಬೇರೊಂದು ಹೊಳೆಯಲಿಲ್ಲವೆಂದು ತೋರುತ್ತದೆ. ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಮದುವೆಯ ಜವಳಿ ಕೊಳ್ಳಲು ಬಂದವರು, ಎಲ್ಲರೂ ಒಂದು ಗಳಿಗೆ ಒಳಗೆ ಹೋಗಿ ತಮಾಷೆ ನೋಡಿ ಊರಿಗೆ ಹಿಂದಿರುಗಬಹುದಾಗಿದ್ದಿತು.

ಈ ಸಂಸ್ಥೆ ಪ್ರಾರಂಭವಾದದ್ದು 1865ರಲ್ಲಿ, ಬೌರಿಂಗ್ ಸಾಹೇಬರು ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಕಾಲದಲ್ಲಿ. ಇದರ ಹಿಂದೆ ಇದ್ದವರು ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರು. ಇವರು 1851ರಲ್ಲಿಯೇ ಮದರಾಸಿನ ಮ್ಯೂಸಿಯಮ್ಮನ್ನು ಕಟ್ಟಿ ಅನುಭವ ಪಡೆದಿದ್ದರು. ಅಲ್ಲಿ ಜನರನ್ನು ಒಳಗೆ ಬರಮಾಡಿಕೊಳ್ಳುವುದಕ್ಕಾಗಿ ಜೀವಂತ ಪ್ರಾಣಿಗಳನ್ನೂ ಇಟ್ಟುಕೊಂಡಿದ್ದರು; ಮದರಾಸಿನ ಮೃಗಾಲಯ ಹುಟ್ಟಿಕೊಂಡದ್ದು ಹಾಗೆಯೇ. ಬೆಂಗಳೂರಿನ ಸಂಗ್ರಹ ಮೊದಲು ದಂಡುಪ್ರದೇಶದಲ್ಲಿದ್ದು, ಮುಂದೆ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡಕ್ಕೆ ಬಂದಿತು. ಮೊದಲಿದ್ದ ಜಾಗದ ಗುರುತಾಗಿ ಮ್ಯೂಸಿಯಂ ರೋಡ್ ಎಂಬ ಹೆಸರು ಮಾತ್ರ ಉಳಿದಿದೆ. ಅಲ್ಲಿ ಮ್ಯೂಸಿಯಂ ಎಲ್ಲಿ ಎಂದು ಹುಡುಕುವ ಪರಸ್ಥಳದವರು ಈಗಲೂ ಉಂಟು.

ಮಹನೀಯರೇ, ಮಹಿಳೆಯರೇ, ಬಾಲ್ಫರ್ ಸಾಹೇಬರು ತಿಳಿದಿದ್ದ ಒಂದು ವಿಷಯವನ್ನು ನಾವು ಬಹುಬೇಗ ಮರೆತುಬಿಟ್ಟಿದ್ದೇವೆ. ಪದಾರ್ಥಗಳನ್ನು ಕೂಡಿಹಾಕಿದ ಮಾತ್ರಕ್ಕೆ ಸಂಗ್ರಹಶಾಲೆಯಾಗುವುದಿಲ್ಲ. ಅವುಗಳ ಮುಂದೆ ಬಂದು ನಿಲ್ಲುವ ಜನ ಬೇಕು. ಆ ಜನರಲ್ಲಿ ಕೆಲವರಾದರೂ ಇದು ನಮ್ಮದು, ಇದರ ಯೋಗಕ್ಷೇಮ ನಮ್ಮ ಹೊಣೆ ಎಂದು ತಿಳಿಯಬೇಕು. ಈ ಕೆಲವರಿಗೇ ಸದಸ್ಯರೆಂದು ಹೆಸರು. ಈ ಹೊತ್ತಿನ ಮಾತು ಅವರನ್ನು ಕುರಿತದ್ದು.

ಬೆಂಗಳೂರಿನ ಮ್ಯೂಸಿಯಮ್ಮಿಗೆ ಸೇರಿದ ವಸ್ತುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನ ಆ ಗ್ರಾಮದಲ್ಲಿ ಇದನ್ನು ನೆಟ್ಟು ಸಾವಿರ ವರ್ಷ ಮೀರಿದೆ. ಕ್ರಿ.ಶ. 949ರಲ್ಲಿ ತಕ್ಕೋಲದ ರಣಭೂಮಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರಯುದ್ಧ ನಡೆದು ಚೋಳರಾಜಕುಮಾರ ರಾಜಾದಿತ್ಯ ಮಡಿದನು. ಕೃಷ್ಣನ ಕಡೆಯಲ್ಲಿ ಗಂಗರ ಬೂತುಗನಿದ್ದನು. ಬೂತುಗನ ಕಡೆಯಲ್ಲಿ ಮಣಲೇರನೆಂಬ ವೀರನಿದ್ದನು. ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೂತುಗನು, ಬೇಕಾದುದನ್ನು ಕೇಳಿಕೋ ಎಂದನು. ಊರು ಕೇಳಬಹುದಿತ್ತು, ಆನೆ ಕುದುರೆಗಳನ್ನು ಕೇಳಬಹುದಿತ್ತು. ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿದರು. ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುತ್ತಿರುವ ಚಿತ್ರವನ್ನು ಶಿಲ್ಪಿ ಕೆತ್ತಿದ್ದಾನೆ. ಸುತ್ತಲೂ ರಾಜರ ಯುದ್ಧದ ವೃತ್ತಾಂತವೆಲ್ಲ ಅಕ್ಷರಗಳಲ್ಲಿದೆ. ತಕ್ಕೋಲದ ಯುದ್ಧದ ಇತಿಹಾಸವನ್ನು ಬರೆಯುವ ಪಂಡಿತರು ಈ ನಾಯಿಯ ಕಲ್ಲಿಗೆ ಬಂದೇ ತೀರಬೇಕು.

ನಮ್ಮ ಪ್ರಸ್ತುತಕ್ಕೆ ಬೇಕಾದದ್ದು ಶಾಸನದ ಕೊನೆಯ ಭಾಗ. ಕಲ್ಲನ್ನು ನೆಟ್ಟವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುವನೆಂದು ಬರೆಯಿಸಿದರು. ನೋಡಿ, ಎಂತಹ ವ್ಯವಹಾರಜ್ಞಾನ! ವಸ್ತು ಉಂಟು, ಅದನ್ನು ನೋಡಿಕೊಳ್ಳುವುದಕ್ಕೆ ವರಮಾನ ಉಂಟು, ದಿನವೂ ಅದರ ಮುಂದೆ ಬಂದು ನಿಲ್ಲಬೇಕಾದ ಮನುಷ್ಯನುಂಟು, ತಪ್ಪಿದರೆ ಶಿಕ್ಷೆಯೂ ಉಂಟು. ಈಗಿನ ಸಂಗ್ರಹಶಾಲೆಗಳ ನಿಯಮಾವಳಿಗಳನ್ನು ನಾವು ಅಷ್ಟಿಷ್ಟು ಓದಿದ್ದೇವೆ. ಇದಕ್ಕಿಂತ ಅಡಕವಾದುದನ್ನು ಕಂಡಿಲ್ಲ. ಕಲ್ಲು ಬೆಂಗಳೂರಿಗೆ ಬಂದಿತು. ಅದರೊಡನೆ ಗೊರವನು ಬರಲಿಲ್ಲ. ನಾವು ಅದನ್ನು ನೋಡಿದ ದಿನ ಶಾಲೆಯ ಮಕ್ಕಳ ಸಾಲೊಂದು ಅದರ ಮುಂದಿನಿಂದಲೇ ಸಾಗಿಹೋಯಿತು. ಉಪಾಧ್ಯಾಯರು “ಇದು ಶಾಸನ, ಮುಂದೆ ನಡೆಯಿರಿ” ಎಂದರು. ಅಲ್ಲಿ ನಾಯಿಯೊಂದಿದೆಯೆಂದು ಯಾರಾದರೂ ಹೇಳಿದ್ದಿದ್ದರೆ ಆ ಮಕ್ಕಳನ್ನು ಅಲ್ಲಿಂದ ಕದಲಿಸುವುದು ಕಷ್ಟವಾಗುತ್ತಿತ್ತು.

ಹಾಗೆ ಹೇಳುವವರನ್ನು ಸಿದ್ಧಪಡಿಸುವುದೇ ಸಂಸ್ಥೆಯ ಕಾರ್ಯಕ್ರಮಗಳ ಮೊದಲ ಗುರಿಯಾಗಬೇಕು. ಕಾರ್ಯಕ್ರಮವೆಂದ ಕೂಡಲೆ ಹಾರ ತುರಾಯಿ, ಸ್ವಾಗತಭಾಷಣ, ವಂದನಾರ್ಪಣೆಗಳನ್ನೇ ಎಣಿಸಬೇಕಾದುದಿಲ್ಲ. ತೊಗಲುಗೊಂಬೆಯನ್ನು ತೆಗೆದುಕೊಳ್ಳಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಸ್ಥಾಪಿತವಾದ ಸಂಸ್ಥೆ. ಅದನ್ನು ಕಟ್ಟಿ ಬೆಳೆಸಿದ ಎಂ. ಎಸ್. ನಂಜುಂಡರಾಯರು ತೊಗಲುಗೊಂಬೆಗಳನ್ನು ಬಹು ಶ್ರದ್ಧೆಯಿಂದ ಕೂಡಿಹಾಕಿದರು. ಗೋಡೆಗೆ ತೂಗುಹಾಕಿ ಎದುರಿನಿಂದ ಬೆಳಕು ಬಿಟ್ಟರೆ ಇಂತಹ ಗೊಂಬೆ ಬಣ್ಣ ಹಚ್ಚಿದ ಒಂದು ಚರ್ಮದ ತುಂಡು. ಆದರೆ ಅದನ್ನು ಹದ ಮಾಡಿದವನು ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಮಾಡಿದ್ದಾನೆ. ಆಭರಣವಿರುವೆಡೆಯಲ್ಲೆಲ್ಲ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದಿದ್ದಾನೆ. ಬಿಳಿಯ ಪರದೆ ಕಟ್ಟಿ, ಹಿಂದೆ ದೀಪವಿಟ್ಟು, ಗೊಂಬೆಯನ್ನು ಪರದೆಗೆ ತಾಗಿಸಿ ಹಿಡಿದಾಗ ಕೆಂಪು ಕೆಂಪಾಗಿ ಉರಿಯುತ್ತದೆ, ಕಿರೀಟದ ರಂಧ್ರಗಳು ವಜ್ರದಂತೆ ಮಿನುಗುತ್ತವೆ. ರಾವಣನು ಹತ್ತಿರ ಬಂದರೆ ಸ್ಪಷ್ಟವಾಗುತ್ತಾನೆ, ದೂರ ಸರಿದರೆ ಮಸುಕಾಗಿ ಮಾಯವಾಗುತ್ತಾನೆ. ಇಷ್ಟನ್ನು ಕಣ್ಣಾರೆ ಕಾಣದವನು ತೊಗಲುಗೊಂಬೆಯನ್ನು ಕಂಡೆನೆಂದು ಹೇಳಲಾಗದು. ವರ್ಷಕ್ಕೆ ನಾಲ್ಕು ಸಲ, ಒಂದು ಪರದೆ, ಒಂದು ದೀಪ, ಆಡಿಸಬಲ್ಲ ಒಬ್ಬ ಕಲಾವಿದ: ಇಷ್ಟಿದ್ದರೆ ಕಾರ್ಯಕ್ರಮವಾಯಿತು. ಅವನಿಗೆ ಕೊಡುವ ಸಂಭಾವನೆ ಮಾತ್ರ ಮರ್ಯಾದೆಯಾದುದಾಗಿರಬೇಕು. ಹಾರ ಹಾಕಿ ಕಳುಹಿಸಿದರೆ ಸಾಲದು.

ಶಾಸನದ ಪಡಿಯಚ್ಚು ತೆಗೆಯುವುದು ಇನ್ನೊಂದು ಸೊಗಸಾದ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಬಿರುಸಾದ ಕುಂಚದಿಂದ ತಟ್ಟುತ್ತ ಹೋದರೆ ಕಾಗದ ಅಕ್ಷರದ ಹಳ್ಳಗಳೊಳಕ್ಕೆ ಇಳಿಯುತ್ತದೆ. ಅದರ ಮೇಲೆ ಮಸಿಯುಂಡೆಯಿಂದ ಹಗುರವಾಗಿ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಮೂಡುತ್ತದೆ. ಬಲ್ಲವರು ಪಕ್ಕದಲ್ಲಿ ನಿಂತು ಹೇಳಿಕೊಡದೆ ಇದನ್ನು ಮಾಡಬಾರದು. ಹತ್ತು ವರ್ಷದ ಹುಡುಗಿ ತಾನು ತೆಗೆದ ಅಚ್ಚಿನಲ್ಲಿ ಒಂದು ‘ಕ’ ಅಕ್ಷರವನ್ನು ಗುರುತಿಸಿದರೆ ಹಳಗನ್ನಡ ಅವಳಿಗೆ ಪರೀಕ್ಷೆಯ ಭಯವಾಗಿ ಉಳಿಯುವುದಿಲ್ಲ. ಈಗ ಬೆಳಕಿನ ಕಿರಣ ಹಾಯಿಸಿ ಕಲ್ಲಿನ ಮೈಯನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಯಂತ್ರಗಳು ಬಂದಿವೆ. 1909ರಲ್ಲಿ ಹುಟ್ಟಿ, ಉಪನ್ಯಾಸಗಳಿಂದಲೂ ತ್ರೈಮಾಸಿಕ ಪತ್ರಿಕೆಯಿಂದಲೂ ಹೆಸರಾಗಿರುವ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಈ ರೀತಿಯಲ್ಲಿ ಸಂರಕ್ಷಿಸುವ ಕೆಲಸವನ್ನು 2021ರಲ್ಲಿ ಕೈಗೊಂಡಿತು.

ಈ ಅವಸರಕ್ಕೆ ಕಾರಣವುಂಟು. ಬಿ. ಎಲ್. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಹೊರಟವರಿಗೆ ಅನೇಕ ಕಲ್ಲುಗಳು ಹೇಳಿದ ಜಾಗದಲ್ಲಿ ಸಿಕ್ಕುವುದಿಲ್ಲ. ಊರು ಬೆಳೆಯಿತು, ಕೆರೆಯ ಏರಿ ರಸ್ತೆಯಾಯಿತು, ಹೊಲ ಬಡಾವಣೆಯಾಯಿತು, ಕಲ್ಲು ತಳಪಾಯಕ್ಕೆ ಹೋಯಿತು. ಒಂದೊಂದು ಸಲ ಇದಕ್ಕೆ ವಿರುದ್ಧವೂ ನಡೆಯುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ವೀರಗಲ್ಲೊಂದು ಹೊರಬಂದಿತು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್‌ನಾಡಿಗಾಗಿ ಕಾದಿ ಸತ್ತ ಕಿತ್ತಯ್ಯನೆಂಬವನ ನೆನಪಿನ ಕಲ್ಲು ಅದು. ಹೆಬ್ಬಾಳವೆಂಬ ಹೆಸರು ಅಷ್ಟು ಹಳೆಯದೆಂದು ಅಲ್ಲಿಯ ನಿವಾಸಿಗಳಿಗೆ ಆಗ ತಿಳಿಯಿತು. ಶಾಸನಗಳನ್ನು ಹುಡುಕಿ ತಿರುಗುತ್ತಿದ್ದ ಕೆಲವು ಉತ್ಸಾಹಿಗಳೂ ಸ್ಥಳೀಯರೂ ಕೂಡಿ, ಜನರ ವಂತಿಗೆಯಿಂದ ಅದಕ್ಕೊಂದು ಮಂಟಪ ಕಟ್ಟಿಸಿದರು. ಅವರಲ್ಲಿ ಹೆಚ್ಚಿನವರು ಇತಿಹಾಸದ ಪಂಡಿತರಲ್ಲ, ಬೇರೆ ಬೇರೆ ಉದ್ಯೋಗದವರು. ರಶೀತಿ ಪುಸ್ತಕದಲ್ಲಿ ಸದಸ್ಯರೆಂದು ಬರೆದಿರಲಿ ಬಿಡಲಿ, ಸದಸ್ಯರೆಂದರೆ ಇವರೇ.

ಕಲ್ಲನ್ನು ಮ್ಯೂಸಿಯಮ್ಮಿಗೆ ತರುವುದು ಲೇಸೋ, ಇದ್ದಲ್ಲಿಯೇ ಬಿಡುವುದು ಲೇಸೋ ಎಂಬ ಚರ್ಚೆ ಹಳೆಯದು. ಬೇಗೂರಿನ ಯುದ್ಧದೃಶ್ಯವುಳ್ಳ ಪ್ರಸಿದ್ಧ ವೀರಗಲ್ಲು ಬೆಂಗಳೂರಿನ ಮ್ಯೂಸಿಯಮ್ಮಿಗೆ ಸೇರಿತು. ಬೆಂಗಳೂರಿನ ಹೆಸರನ್ನೇ ಹೊತ್ತ ಇನ್ನೊಂದು ಶಾಸನ ಬೇಗೂರಿನ ದೇವಾಲಯದಲ್ಲಿಯೇ ಉಳಿಯಿತು. ಇದ್ದಲ್ಲಿ ಕಾಯುವವರುಂಟಾದರೆ ಬಿಡುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಉತ್ಸಾಹದ ಭರದಲ್ಲಿ ಹೊಲದ ಕಲ್ಲನ್ನು ಗಾಡಿಗೆ ಹೇರಿಕೊಂಡು ಬರುವುದಂತೂ ಕೂಡದು. ನೆಲದೊಳಗೆ ಸಿಕ್ಕಿದ ನಿಧಿಗೆ ನಿಕ್ಷೇಪದ ಕಾನೂನು ಉಂಟು. ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮೊದಲಾದ ಪುರಾವಸ್ತುಗಳಿಗೂ, ಎಪ್ಪತ್ತೈದು ವರ್ಷ ದಾಟಿದ ಮಹತ್ತ್ವದ ಹಸ್ತಪ್ರತಿಗಳಿಗೂ 1972ರ ಪುರಾವಸ್ತು ಕಾಯಿದೆ ಅನ್ವಯಿಸುತ್ತದೆ. ಸದಸ್ಯರಾದವರು ಮೊದಲು ಮಾಡಬೇಕಾದದ್ದು ಛಾಯಾಚಿತ್ರ ತೆಗೆದು, ಸ್ಥಳ ಬರೆದುಕೊಂಡು, ಪ್ರಾಚ್ಯವಸ್ತು ಇಲಾಖೆಗೆ ತಿಳಿಸುವುದು.

ಬರೆದುಕೊಳ್ಳುವುದೆಂದಾಗ ನಮಗೆ ಒಂದು ವ್ಯಸನದ ಪ್ರಸಂಗ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಊರಿನ ಸಂಗ್ರಹವನ್ನು ನೋಡಲು ಹೋಗಿದ್ದೆವು, ಹೆಸರು ಬೇಡ. ಕೊಳಗ, ಸೇರು, ಪಾವುಗಳಿದ್ದುವು. ಒಂದು ಚೆನ್ನಾದ ಹಿತ್ತಾಳೆಯ ತೂಗುದೀಪವಿತ್ತು. ದೀಪದ ಸರಪಳಿಗೆ ದಾರ ಕಟ್ಟಿತ್ತು. ದಾರದ ತುದಿಯಲ್ಲಿದ್ದ ಚೀಟಿ ಇರಲಿಲ್ಲ. ಯಾರ ಮನೆಯದೆಂದು ಕೇಳಿದೆವು. ಅದೆಲ್ಲ ರಿಜಿಸ್ಟರಿನಲ್ಲಿತ್ತು, ಒಂದು ಮಳೆಗಾಲದಲ್ಲಿ ಸೂರು ಸೋರಿ ಹಾಳಾಯಿತು ಎಂದರು. ವಸ್ತುಗಳನ್ನು ಕೊಟ್ಟವರಲ್ಲಿ ಹಲವರು ತೀರಿಕೊಂಡಿದ್ದರು. ಸಂಗ್ರಹ ಕಳ್ಳತನವಾಗಿರಲಿಲ್ಲ, ಒಂದು ವಸ್ತುವೂ ಮುರಿದಿರಲಿಲ್ಲ. ಆದರೂ ಆ ಊರಿನ ಚರಿತ್ರೆ ಹೊರಟುಹೋಗಿತ್ತು. ಆ ದೀಪ ಈಗ ಯಾವ ಊರಿನ ದೀಪವಾದರೂ ಆಗಬಹುದು. ಕೊಟ್ಟವರು ಯಾರು, ಯಾವ ಕಾಲದಲ್ಲಿ ಬಳಸುತ್ತಿದ್ದರು, ಯಾವ ಹಬ್ಬಕ್ಕೆ ಹಚ್ಚುತ್ತಿದ್ದರು ಎಂಬ ನಾಲ್ಕು ಪಂಕ್ತಿಗಳನ್ನು ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಟ್ಟಿದ್ದರೆ ಸಾಕಾಗಿತ್ತು. ದುಂಡಾದ ಅಕ್ಷರ ಬರೆಯಬಲ್ಲ ಇಬ್ಬರು ಸದಸ್ಯರು ತಿಂಗಳಿಗೊಂದು ಭಾನುವಾರ ಕುಳಿತರೆ ಆಗುವ ಕೆಲಸ.

ಇನ್ನು ಚಂದಾ ವಿಚಾರ. ವಾರ್ಷಿಕ ಸದಸ್ಯರು, ಆಜೀವ ಸದಸ್ಯರು, ಪೋಷಕರು ಎಂದು ಸಂಸ್ಥೆಗಳು ವರ್ಗ ಮಾಡುವುದು ರೂಢಿ. ಪೋಷಕರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತಾರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಸಂಸ್ಥೆಯ ಬೆನ್ನೆಲುಬು ವರ್ಷ ವರ್ಷವೂ ಸಣ್ಣ ಮೊತ್ತ ಕೊಡುವ ವಾರ್ಷಿಕ ಸದಸ್ಯನೇ. ಆಜೀವ ಸದಸ್ಯನು ಒಂದು ಸಲ ಹಣ ಕಟ್ಟಿ ಮರೆಯಬಹುದು. ವಾರ್ಷಿಕ ಸದಸ್ಯನಾದರೋ ಪ್ರತಿ ವರ್ಷವೂ, ಈ ಸಲ ಕೊಟ್ಟದ್ದಕ್ಕೆ ಏನು ಕಂಡೆ ಎಂದು ತನ್ನನ್ನು ಕೇಳಿಕೊಳ್ಳುತ್ತಾನೆ, ಸಂಸ್ಥೆಯನ್ನೂ ಕೇಳುತ್ತಾನೆ. ನಮ್ಮ ರಾಜ್ಯದಲ್ಲಿ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ರಿಜಿಸ್ಟರಾದ ಸಂಘಗಳು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕಪತ್ರ ಒಪ್ಪಿಸಬೇಕು. ಈ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಅರ್ಧ ಜನ ಉಪ್ಪಿಟ್ಟಿಗಾಗಿ ಬಂದವರೆಂದು ಹೇಳುವುದು ನಿಷ್ಠುರವಾದೀತು.

ಪ್ರಶ್ನೆ ಕೇಳುವ ಹಕ್ಕು ಯಾತಕ್ಕೆ ಬೇಕೆಂಬುದನ್ನು ವೆಂಕಟಪ್ಪ ಚಿತ್ರಶಾಲೆಯ ಪ್ರಕರಣ ತೋರಿಸಿತು. ಮೈಸೂರಿನ ಮಹಾಕಲಾವಿದ ಕೆ. ವೆಂಕಟಪ್ಪನವರು ಅವನೀಂದ್ರನಾಥ ಠಾಕೂರರ ಶಿಷ್ಯರು. ಅವರ ಹೆಸರಿನ ಸರ್ಕಾರಿ ಚಿತ್ರಶಾಲೆ ಬೆಂಗಳೂರಿನ ಮ್ಯೂಸಿಯಮ್ಮಿನ ಮಗ್ಗುಲಲ್ಲಿಯೇ ಇದೆ. ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಅದರ ಸಭಾಂಗಣಗಳಲ್ಲಿ ಎಷ್ಟೋ ತರುಣರು ತಮ್ಮ ಮೊದಲ ಪ್ರದರ್ಶನ ನಡೆಸಿದರು. ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸಲು ಸರ್ಕಾರ 2015ರಲ್ಲಿ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬಲವಾಗಿ ವಿರೋಧಿಸಿದರು. 2016ರಲ್ಲಿ ಹಾಡು, ನಾಟಕ, ಚಿತ್ರಗಳ ಮೂಲಕವೇ ಪ್ರತಿಭಟಿಸಿದರು. ಒಪ್ಪಂದದ ಗುಣದೋಷಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿರಬಹುದು. ತಮ್ಮನ್ನು ಕೇಳದೆ ನಿರ್ಣಯವಾಯಿತೆಂಬ ಅವರ ನೋವು ಮಾತ್ರ ನ್ಯಾಯವಾದುದು. ಬಳಸುವವರಿಗೆ ಮೊದಲಿನಿಂದಲೂ ಆಡಳಿತದಲ್ಲಿ ಒಂದು ಕುರ್ಚಿಯಿದ್ದಿದ್ದರೆ ಬೀದಿಗೆ ಬರುವ ಪ್ರಮೇಯವಿರುತ್ತಿರಲಿಲ್ಲ.

ಚಿತ್ರಕಲೆಯ ತರಗತಿಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮೈಸೂರು ಸಂಪ್ರದಾಯದ ಚಿತ್ರದಲ್ಲಿ ಸಫೇದ ಕಲೆಸಿದ ಲೇಪದಿಂದ ಒಡವೆಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವ ಕ್ರಮವನ್ನು ಕೈಯಾರೆ ಮಾಡಿದವನು ಹಳೆಯ ಪಟದ ಮುಂದೆ ನಿಲ್ಲುವ ರೀತಿಯೇ ಬೇರೆ. ಚಿತ್ರಕಲಾ ಪರಿಷತ್ತು ವರ್ಷದ ಆರಂಭದಲ್ಲಿ ನಡೆಸುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆ ಉದ್ದಕ್ಕೂ ಕಲಾವಿದರು ಕುಳಿತಿರುತ್ತಾರೆ. ಚಿತ್ರವೊಂದನ್ನು ಹಿಂದೆಂದೂ ಕೊಳ್ಳದ ಸಂಸಾರಸ್ಥರು ಸೌತೆಕಾಯಿ ಚೌಕಾಸಿ ಮಾಡುವಷ್ಟೇ ಸಲೀಸಾಗಿ ಬೆಲೆ ಕೇಳುತ್ತಾರೆ. ತಮಾಷೆ ಬಂಗಲೆಗೆ ಹೋಗುತ್ತಿದ್ದವರ ಮೊಮ್ಮಕ್ಕಳು ಇವರೇ ಇರಬೇಕು.

ನಿಮ್ಮ ಊರಿನಲ್ಲಿಯೂ ಇಂತಹ ಒಂದು ಸಂಸ್ಥೆಯಿದ್ದೀತು. ಚಂದಾ ಕಟ್ಟಿದ್ದರೆ ಮುಂದಿನ ಸರ್ವಸದಸ್ಯರ ಸಭೆಗೆ ಹೋಗಿ. ಲೆಕ್ಕಪತ್ರ ಓದಿ ಮುಗಿಸಿ, ಯಾರಿಗಾದರೂ ಪ್ರಶ್ನೆಯಿದೆಯೇ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ. ಆಗ ಎದ್ದು ನಿಂತು, ನಮ್ಮ ಸಂಗ್ರಹದಲ್ಲಿ ಚೀಟಿಯಿಲ್ಲದ ವಸ್ತುಗಳು ಎಷ್ಟು, ಅವನ್ನು ಕೊಟ್ಟವರ ಪೈಕಿ ಈಗಲೂ ಬದುಕಿರುವವರು ಯಾರು ಎಂದು ಕೇಳಿರಿ. ಉತ್ತರ ಬರದಿದ್ದರೆ ಒಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಮರುದಿನವೇ ಆ ಹಿರಿಯರ ಮನೆಗೆ ಹೋಗಬಹುದು.